ಮೊದಲ ಏರ್ ಪಿಸ್ತೂಲ್: ಏನು ಕೊಳ್ಳಬೇಕು, ಯಾವುದನ್ನು ಕೊನೆಗೆ ಕೊಳ್ಳಬೇಕು

ಬೆಂಗಳೂರಿನಲ್ಲಿ ಪಿಸ್ತೂಲ್ ಶೂಟಿಂಗ್ ಕಲಿಯಲು ಬರುವ ಅನೇಕರ ತಲೆಯಲ್ಲಿರುವುದು ವಿಡಿಯೋಗಳಲ್ಲಿ ನೋಡಿದ ಪ್ರಾಕ್ಟಿಕಲ್ ಶೂಟಿಂಗ್. ಸೊಂಟದ ಹೋಲ್‌ಸ್ಟರ್‌ನಿಂದ ಪಿಸ್ತೂಲ್ ಎಳೆಯುವುದು, ಓಡುತ್ತಲೇ ಕಬ್ಬಿಣದ ಫಲಕಗಳನ್ನು ಉರುಳಿಸುವುದು, ಬಂದ ಅಂಕವನ್ನು ಸಮಯದಿಂದ ಭಾಗಿಸಿ ಫಲಿತಾಂಶ ತೆಗೆಯುವುದು. 1976ರಲ್ಲಿ ಅಮೆರಿಕದ ಕೊಲಂಬಿಯಾ ನಗರದಲ್ಲಿ ಹುಟ್ಟಿದ ಐಪಿಎಸ್‌ಸಿ ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ. ಆ ಆಟದಲ್ಲಿ ಹೊಸಬರು ಸಾಮಾನ್ಯವಾಗಿ ಹಿಡಿಯುವುದು 9 ಎಂಎಂ ಪಿಸ್ತೂಲ್. ನಮ್ಮಲ್ಲಿ 9 ಎಂಎಂ ನಿಷೇಧಿತ ಬೋರ್‌ಗಳ (ನಳಿಕೆಯ ಒಳವ್ಯಾಸಗಳ) ಪಟ್ಟಿಯಲ್ಲಿದೆ, ಸಾಮಾನ್ಯ ನಾಗರಿಕರಿಗೆ ಅದರ ಲೈಸೆನ್ಸ್ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಸ್ಪರ್ಧೆಗೆ ಇಳಿಯಬೇಕೆನ್ನುವವರಿಗೆ ಸುಲಭವಾಗಿ ತೆರೆದಿರುವ ಬಾಗಿಲು 10 ಮೀಟರ್ ಏರ್ ಪಿಸ್ತೂಲ್: ಒತ್ತಿದ ಗಾಳಿಯಿಂದ ಪೆಲೆಟ್ ಎಂಬ ಸಣ್ಣ ಸೀಸದ ಗುಂಡನ್ನು 10 ಮೀಟರ್ ದೂರದ ಗುರಿಗೆ ಹೊಡೆಯುವ ಸ್ಪರ್ಧೆ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಬೆಳ್ಳಿ ಗೆದ್ದದ್ದು ಇದರಲ್ಲೇ. ಪ್ರಾಕ್ಟಿಕಲ್ ಶೂಟಿಂಗ್‌ನ ಆಸೆ ಉಳಿದಿದ್ದರೂ ಇಲ್ಲಿ ಕಲಿತ ಟ್ರಿಗರ್ ಹಿಡಿತ, ಸೈಟ್ (ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಇರುವ ಗುರುತುಗಳು) ಜೋಡಣೆ, ಬಂದೂಕಿನ ಶಿಸ್ತು ಅಲ್ಲಿಗೂ ಬೇಕು. ಹೋಲ್‌ಸ್ಟರ್ ಕೆಲಸ, ಹಿನ್ನೂಕು ತಡೆದುಕೊಳ್ಳುವುದು ಮಾತ್ರ ಇಲ್ಲಿ ಬರುವುದಿಲ್ಲ.

ಆ ಆಸೆಯಲ್ಲಿ ಕೆಲವರು ಗ್ಲಾಕ್ ಕಂಪನಿಯ ಪಿಸ್ತೂಲನ್ನು ಹೋಲುವ, ಸಿಓಟು (ಇಂಗಾಲದ ಡೈಆಕ್ಸೈಡ್) ಅನಿಲದ ಪಿಸ್ತೂಲ್ ತರುತ್ತಾರೆ. ಸ್ಟೀಲ್ ಬಿಬಿ ಹಾರಿಸುವ ಅವು ಸ್ಪರ್ಧೆಗೆ ಬರುವುದಿಲ್ಲ. ಸ್ಟೀಲ್ ಗುಂಡು ಗಟ್ಟಿ ತಟ್ಟೆಗೆ ಬಡಿದು ಹಿಂದಕ್ಕೆ ಹಾರುವುದರಿಂದ ಪೆಲೆಟ್ ರೇಂಜ್‌ಗೂ ಅವನ್ನು ತರುವಂತಿಲ್ಲ. ಆ ದುಡ್ಡನ್ನು ಉಳಿಸಿಕೊಳ್ಳಿ.

ಕಾನೂನಿನ ಮಾತು ಚಿಕ್ಕದು. 2016ರ ಆರ್ಮ್ಸ್ ರೂಲ್ಸ್ ಪ್ರಕಾರ 0.177 ಇಂಚು, ಅಂದರೆ 4.5 ಎಂಎಂ ಬೋರ್ ದಾಟದ, 20 ಜೌಲ್ ಶಕ್ತಿ ಮೀರದ ಏರ್ ಗನ್‌ಗೆ ಲೈಸೆನ್ಸ್ ಬೇಡ. ಮ್ಯಾಚ್ (ಸ್ಪರ್ಧೆಯ) ಪಿಸ್ತೂಲಿನ ಅರ್ಧ ಗ್ರಾಂ ಪೆಲೆಟ್ ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 6 ಜೌಲನ್ನೂ ಮುಟ್ಟುವುದಿಲ್ಲ. ಅಂಗಡಿಯವರು ಗುರುತು ಮತ್ತು ವಿಳಾಸದ ದಾಖಲೆ ಕೇಳುತ್ತಾರೆ, ಕೊಡಿ. ಬಿಲ್ಲನ್ನು ಜೋಪಾನ ಮಾಡಿ, ಒಂದು ಪ್ರತಿ ಪಿಸ್ತೂಲ್ ಪೆಟ್ಟಿಗೆಯಲ್ಲೇ ಇರಲಿ.

ಕೊಳ್ಳುವ ಕ್ರಮ

ಹೊಸಬರು ಮಾಡುವ ದುಬಾರಿ ತಪ್ಪು ಮೊದಲ ವಾರದಲ್ಲೇ ಪಿಸ್ತೂಲ್ ಕೊಳ್ಳುವುದು. ಗ್ರಿಪ್ (ಪಿಸ್ತೂಲಿನ ಹಿಡಿ) ಅಳತೆ, ಬಲಗೈಯೋ ಎಡಗೈಯೋ, ಎಷ್ಟು ತೂಕ ತಡೆಯುತ್ತದೆ ಎಂಬುದೊಂದೂ ಗೊತ್ತಿಲ್ಲದೆ ಲಕ್ಷಗಟ್ಟಲೆ ಸುರಿಯುವುದು ಅದು. ಮೊದಲ ಎರಡು ಮೂರು ತಿಂಗಳು ರೇಂಜಿನ ಪಿಸ್ತೂಲೇ ಸಾಕು. ಸದಸ್ಯತ್ವ, ಸ್ಪರ್ಧೆಗಳ ನೋಂದಣಿ ನಡೆಯುವುದು ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ ಮತ್ತು ಅದರಡಿಯ ಕ್ಲಬ್‌ಗಳ ಮೂಲಕ. ಸೇರುವ ಮುನ್ನ ಕ್ಲಬ್ಬಿನಲ್ಲಿ ಮೂರು ವಿಷಯ ಕೇಳಿ: ಕಲಿಯುವವರಿಗೆ ಕೊಡುವ ಪಿಸ್ತೂಲ್ ಯಾವ ಮಾದರಿ, ಗ್ರಿಪ್ ಯಾವ ಅಳತೆ, ಪಿಸ್ತೂಲಿನ ಗಾಳಿ ಸಿಲಿಂಡರ್ ತುಂಬಲು ಸ್ವಂತ ಕಂಪ್ರೆಸರ್ ಇದೆಯೇ. ಮೂರನೆಯದಕ್ಕೆ ಉತ್ತರ ತಡವರಿಸಿದರೆ ಮುಂದೆ ನಿಮ್ಮ ಪಾಡು ಕಷ್ಟವಾಗುತ್ತದೆ. ಕಾರಣ ಕೆಳಗಿದೆ.

ಈ ತಿಂಗಳುಗಳಲ್ಲಿ ಕೊಳ್ಳಬೇಕಾದದ್ದು ಶೂ, ಕನ್ನಡಕ, ಪೆಲೆಟ್, ಒಂದು ನೋಟ್‌ಬುಕ್.

ಶೂ ವಿಷಯದಲ್ಲಿ ತಲೆಕೆಡಿಸಿಕೊಳ್ಳಬೇಡಿ. ಪಿಸ್ತೂಲಿಗೆ ಕಾಲಿನ ಗಿಣ್ಣು ಮುಚ್ಚದ ಶೂ ಮಾತ್ರ ನಿಯಮದಲ್ಲಿ ಬರುತ್ತದೆ. ಚಪ್ಪಟೆ ಅಡಿಯ ಪಿ.ಟಿ. ಕ್ಯಾನ್ವಾಸ್ ಶೂ ಚೆನ್ನಾಗಿ ಕೆಲಸ ಮಾಡುತ್ತದೆ. ಓಟದ ಶೂಗಳ ಮೆತ್ತನೆ ಹಿಮ್ಮಡಿ ದೇಹವನ್ನು ಸಣ್ಣಗೆ ತೂಗಾಡಿಸುತ್ತದೆ, ಅದು ಬೇಡ.

ಕಣ್ಣಿನ ಲೆಕ್ಕ

ಮೊದಲು ನಿಮ್ಮ ಪ್ರಧಾನ ಕಣ್ಣು ಯಾವುದೆಂದು ನೋಡಿಕೊಳ್ಳಿ. ಎರಡೂ ಕೈ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ದೂರದ ಸ್ವಿಚ್ ಬೋರ್ಡನ್ನು ಅದರೊಳಗಿಂದ ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಾಗ ಸ್ವಿಚ್ ಬೋರ್ಡ್ ಕಿಂಡಿಯಲ್ಲೇ ಉಳಿಯುತ್ತದೋ ಅದು ಪ್ರಧಾನ. ಬಲಗೈ, ಎಡಗಣ್ಣು ಎಂದಾದರೆ ಗಾಬರಿ ಬೇಡ. ಆದರೆ ಪಿಸ್ತೂಲ್ ಕೊಳ್ಳುವ ಮುನ್ನ ಕೋಚ್ ಜೊತೆ ಕೂತು ಯಾವ ಕೈ ಎಂದು ತೀರ್ಮಾನಿಸಿ, ಏಕೆಂದರೆ ಮ್ಯಾಚ್ ಗ್ರಿಪ್ ಒಂದೇ ಕೈಗೆ ಮಾಡಿದ್ದು.

ಗುರಿ ಹಿಡಿಯುವಾಗ ಸ್ಪಷ್ಟವಾಗಿ ಕಾಣಬೇಕಾದದ್ದು ಮುಂದಿನ ಸೈಟ್. ಗುರಿಯ ನಡುವಿನ ಕಪ್ಪು ವೃತ್ತ ಮಸುಕಾಗಿಯೇ ಇರಲಿ. ಇದೇಕೆಂದು ಅಂಕಿಗಳಲ್ಲಿ ನೋಡಿ. ಎರಡು ಸೈಟ್‌ಗಳ ನಡುವೆ ಸುಮಾರು 320 ಎಂಎಂ ಅಂತರವಿರುವ ಪಿಸ್ತೂಲಿನಲ್ಲಿ ಮುಂದಿನ ಸೈಟ್ ಒಂದು ಎಂಎಂ ವಾರೆಯಾದರೆ 10 ಮೀಟರ್ ದೂರದಲ್ಲಿ ಪೆಲೆಟ್ 31 ಎಂಎಂ ಆಚೆ ಬೀಳುತ್ತದೆ, ಹತ್ತು ಅಂಕ ಬರಬೇಕಿದ್ದಲ್ಲಿ ಏಳು ಬರುತ್ತದೆ. ಅದೇ, ಸೈಟ್‌ಗಳ ಜೋಡಣೆ ಕೆಡದೆ ಇಡೀ ಕೈ 7 ಎಂಎಂ ಸರಿದರೆ ಪೆಲೆಟ್ಟಿನ ಅಂಚು ಹತ್ತರ ಗೆರೆಯನ್ನು ಇನ್ನೂ ಮುಟ್ಟುತ್ತದೆ. ಹತ್ತರ ವೃತ್ತದ ವ್ಯಾಸ 11.5 ಎಂಎಂ, ಕಪ್ಪಿನ ವ್ಯಾಸ 59.5 ಎಂಎಂ.

ಹಾಗಾಗಿ ನಲವತ್ತು ದಾಟಿದವರು, ಈಗಾಗಲೇ ಕನ್ನಡಕ ಹಾಕುವವರು ಸೈಟ್ ದೂರಕ್ಕೆ ಹೊಂದುವ ಗಾಜು ಮಾಡಿಸಿಕೊಳ್ಳಬೇಕು. ಕೈ ಚಾಚಿ ನಿಂತಾಗ ಕಣ್ಣಿನಿಂದ ಮುಂದಿನ ಸೈಟ್‌ವರೆಗಿನ ದೂರವನ್ನು ಬೇರೆಯವರಿಂದ ಟೇಪಿನಲ್ಲಿ ಅಳೆಸಿ. ಹೆಚ್ಚಿನವರಿಗೆ 90 ಸೆಂ.ಮೀ. ಆಸುಪಾಸು ಬರುತ್ತದೆ. ಕನ್ನಡಕದಂಗಡಿಗೆ ಪಿಸ್ತೂಲ್ ಒಯ್ಯಬೇಡಿ, ಯಾರಾದರೂ ಪೊಲೀಸರಿಗೆ ಫೋನ್ ಮಾಡಿಯಾರು. ಒಂದು ಸ್ಕೇಲಿನ ತುದಿಗೆ 4 ಎಂಎಂ ಅಗಲದ ಕಪ್ಪು ಟೇಪ್ ಅಂಟಿಸಿ ಒಯ್ದರೆ ಸಾಕು. ಅದನ್ನು ಅಳೆದ ದೂರದಲ್ಲಿ ಹಿಡಿದು, ನಿಮ್ಮ ದೂರದೃಷ್ಟಿಯ ನಂಬರಿಗೆ +0.50 ಸೇರಿಸಿದ ಗಾಜಿನಿಂದ ಪರೀಕ್ಷೆ ಶುರು ಮಾಡಲು ಹೇಳಿ. ಟೇಪಿನ ಅಂಚು ಚೂಪಾಗಿ ಕಾಣುವ, ಆದರೆ ಆಚೆಗಿನದು ಪೂರ್ತಿ ಕರಗಿಹೋಗದ ನಂಬರ್ ಆರಿಸಿ. ಪ್ರೊಗ್ರೆಸಿವ್ ಗಾಜು ಈ ಕೆಲಸಕ್ಕೆ ಆಗದು, ತಲೆ ಸ್ವಲ್ಪ ಎತ್ತಿದರೂ ನಂಬರ್ ಬದಲಾಗುತ್ತದೆ. ಇನ್ನೊಂದು ಕಣ್ಣನ್ನು ಬಿಗಿಯಾಗಿ ಮುಚ್ಚಿದರೆ ಗುರಿಯ ಕಣ್ಣೂ ದಣಿಯುತ್ತದೆ. ಆ ಬದಿಯ ಗಾಜಿನ ಮೇಲೆ 30 ಎಂಎಂ ಅಗಲ ಮೀರದಂತೆ ಹಾಲುಬಣ್ಣದ ಟೇಪ್ ಅಂಟಿಸಿದರೆ ಸಾಕು, ನಿಯಮದ ಮಿತಿಯೂ ಅದೇ. ತಿರುಗಿಸಬಹುದಾದ ಗಾಜು, ಐರಿಸ್ (ಹಿಗ್ಗಿಸಿ ಕುಗ್ಗಿಸಬಹುದಾದ ಬೆಳಕಿನ ಕಿಂಡಿ) ಇರುವ ಶೂಟಿಂಗ್ ಕನ್ನಡಕ ಎರಡನೇ ವರ್ಷದ ಖರ್ಚು.

ಪೆಲೆಟ್

ಚಪ್ಪಟೆ ಮೂತಿಯ 4.5 ಎಂಎಂ ವಾಡ್‌ಕಟರ್ ಪೆಲೆಟ್ ಮಾತ್ರ ಕೊಳ್ಳಿ. ಅದು ಕಾಗದದಲ್ಲಿ ದುಂಡನೆಯ ತೂತು ಮಾಡುತ್ತದೆ. ಚೂಪು ಮೂತಿಯದು ಕಾಗದ ಹರಿಯುತ್ತದೆ, ಅಂಕ ಎಣಿಸುವಾಗ ಜಗಳ. ಪಿಸ್ತೂಲಿಗೆ ಅರ್ಧ ಗ್ರಾಂ ಅಥವಾ ಅದಕ್ಕಿಂತ ಹಗುರವಾದದ್ದು ಸಾಕು. ಡಬ್ಬಿಯ ಮೇಲೆ 4.48, 4.49, 4.50 ಎಂದು ತಲೆಯ ಅಳತೆ ಬರೆದಿರುತ್ತದೆ. ಶುರುವಿನಲ್ಲಿ ನಿಮ್ಮ ಕೈ ಅಲುಗಾಟದ ಮುಂದೆ ಆ ವ್ಯತ್ಯಾಸ ಲೆಕ್ಕಕ್ಕೇ ಇಲ್ಲ. ಆರ್‌ಡಬ್ಲ್ಯೂಎಸ್, ಎಚ್ ಆ್ಯಂಡ್ ಎನ್, ಜೆಎಸ್‌ಬಿ ಕಂಪನಿಗಳ ಅಭ್ಯಾಸ ದರ್ಜೆಯ ಡಬ್ಬಿ ಧಾರಾಳವಾಯಿತು, ಮ್ಯಾಚ್ ದರ್ಜೆ ಆಮೇಲೆ ನೋಡೋಣ. 500ರ ಡಬ್ಬಿ, ದಿನಕ್ಕೆ 40 ಹೊಡೆತ, ವಾರಕ್ಕೆ ಮೂರು ದಿನ ಎಂದರೆ ಸುಮಾರು ನಾಲ್ಕು ವಾರ ಬರುತ್ತದೆ. ಆಮದು ಮಾಲು ಆಗಾಗ ಮಾರುಕಟ್ಟೆಯಲ್ಲಿ ಖಾಲಿಯಾಗುತ್ತದೆ, ಎರಡು ಡಬ್ಬಿ ಮುಂದಾಗಿ ಇಟ್ಟುಕೊಳ್ಳಿ. ನೆಲಕ್ಕೆ ಬಿದ್ದ ಪೆಲೆಟ್ಟಿನ ಹಿಂಬದಿಯ ತೆಳು ಅಂಚು ನೆಗ್ಗಿರುತ್ತದೆ, ಅದನ್ನು ಎಸೆಯಿರಿ. ಇದು ಸೀಸ. ಬಾಯಲ್ಲಿ ಇಟ್ಟುಕೊಳ್ಳುವುದು, ಕೈ ತೊಳೆಯದೆ ತಿಂಡಿ ತಿನ್ನುವುದು ಎರಡೂ ಕೂಡದು. ಮಕ್ಕಳಿರುವ ಮನೆಯಲ್ಲಿ ಡಬ್ಬಿಗೂ ಬೀಗ ಇರಲಿ.

ಈಗ ಪಿಸ್ತೂಲ್

ಸ್ಪರ್ಧೆಯ ನಿಯಮ ಮೊದಲು: ತೂಕ 1,500 ಗ್ರಾಂ ಮೀರಬಾರದು, ಪಿಸ್ತೂಲ್ 420×200×50 ಎಂಎಂ ಪೆಟ್ಟಿಗೆಯೊಳಗೆ ಹಿಡಿಸಬೇಕು, ಟ್ರಿಗರ್ ಭಾರ ಕನಿಷ್ಠ 500 ಗ್ರಾಂ ಇರಬೇಕು, ತೆರೆದ ಸೈಟ್ ಮಾತ್ರ. ರೆಡ್ ಡಾಟ್, ಲೇಸರ್, ಲೆನ್ಸ್ ಯಾವುದೂ ಪಿಸ್ತೂಲಿನ ಮೇಲೆ ಇರುವಂತಿಲ್ಲ.

ಸಿಗುವ ಬಗೆಗಳು ಮೂರು. ಸ್ಪ್ರಿಂಗ್ ಪಿಸ್ತೂಲ್ ಅಗ್ಗ, ಆದರೆ ಪೆಲೆಟ್ ನಳಿಕೆ ಬಿಡುವ ಮೊದಲೇ ಪಿಸ್ಟನ್ ಜಿಗಿದು ಕೈಯನ್ನು ಅಲುಗಿಸುತ್ತದೆ. ತಪ್ಪು ನಿಮ್ಮದೋ ಅದರದೋ ತಿಳಿಯುವುದೇ ಇಲ್ಲ. ಕಲಿಕೆಗೆ ಬೇಡ. ಎರಡನೆಯದು ಸಿಂಗಲ್ ಸ್ಟ್ರೋಕ್: ಪ್ರತಿ ಹೊಡೆತಕ್ಕೂ ಸನ್ನೆಕೋಲನ್ನು ಒಮ್ಮೆ ಎಳೆದು ಗಾಳಿ ಒತ್ತುತ್ತೀರಿ. ಗಾಮೊ ಕಾಂಪ್ಯಾಕ್ಟ್, ಬೈಕಾಲ್ 46ಎಂ ಈ ಜಾತಿಯವು. ಹಿನ್ನೂಕು ಇಲ್ಲವೆನ್ನುವಷ್ಟು ಕಡಿಮೆ, ಸಿಲಿಂಡರ್ ತಲೆನೋವು ಇಲ್ಲ, ನಿಖರತೆ ಹೊಸಬರ ಅಗತ್ಯಕ್ಕಿಂತ ಹೆಚ್ಚೇ. ತೊಂದರೆ ಇಷ್ಟೇ, 60 ಹೊಡೆತಕ್ಕೆ 60 ಸಲ ಎಳೆಯುವಷ್ಟರಲ್ಲಿ ತೋಳು ಸೋಲುತ್ತದೆ. ಮೂರನೆಯದು ಪಿಸಿಪಿ, ಅಂದರೆ ಗಾಳಿಯನ್ನು ಮೊದಲೇ ಒತ್ತಿ ತುಂಬಿದ್ದು: ನಳಿಕೆಯ ಕೆಳಗಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ, ರೆಗ್ಯುಲೇಟರ್ ಪ್ರತಿ ಹೊಡೆತಕ್ಕೂ ಅಷ್ಟೇ ಅಳತೆ ಬಿಡುತ್ತದೆ. ಸ್ಟೈರ್, ಮೋರಿನಿ, ವಾಲ್ಥರ್, ಪಾರ್ದಿನಿ, ಫೈನ್‌ವೆರ್ಕ್‌ಬಾವ್, ಇವೆಲ್ಲ ಲಕ್ಷ ದಾಟುವ ಪಿಸ್ತೂಲುಗಳು.

ಇವುಗಳಲ್ಲಿ ಯಾವುದು ಶ್ರೇಷ್ಠ ಎಂಬ ಚರ್ಚೆಯಲ್ಲಿ ರೇಂಜಿನ ಕ್ಯಾಂಟೀನ್ ಟೀ ತಣ್ಣಗಾಗುತ್ತದೆ, ಉತ್ತರ ಸಿಗುವುದಿಲ್ಲ. ಹೊಸಬರ ಕೈಯಲ್ಲಿ ಇವೆಲ್ಲ ಒಂದೇ. ಎರಡೇ ಪ್ರಶ್ನೆ ಮುಖ್ಯ. ಒಂದು, ಗ್ರಿಪ್ ನಿಮ್ಮ ಕೈಗೆ ಹೊಂದುತ್ತದೆಯೇ. ಎರಡು, ನಿಮ್ಮ ಕ್ಲಬ್ಬಿನಲ್ಲಿ ಅದೇ ಪಿಸ್ತೂಲ್ ಇನ್ನೂ ನಾಲ್ಕೈದು ಜನರ ಹತ್ತಿರ ಇದೆಯೇ. ಇದ್ದರೆ ಓ ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ), ಸ್ಕ್ರೂ, ಹೆಚ್ಚುವರಿ ಸಿಲಿಂಡರ್, ಬಿಚ್ಚಿ ಜೋಡಿಸಿ ಗೊತ್ತಿರುವವರು ಎಲ್ಲ ಅಲ್ಲೇ ಸಿಗುತ್ತಾರೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಪಿಸ್ತೂಲ್ ಕೈಕೊಟ್ಟು, ಸರಿಮಾಡಿಸಿಕೊಂಡು ಬರುವಷ್ಟರಲ್ಲಿ ಸಮಯ ಕಳೆದು, 575 ಅಂಕದೊಂದಿಗೆ 12ನೇ ಸ್ಥಾನಕ್ಕೆ ನಿಲ್ಲಬೇಕಾಯಿತು. ಅಷ್ಟು ದೊಡ್ಡ ತಂಡಕ್ಕೇ ಹಾಗಾದರೆ, ಬಿಡಿಭಾಗಕ್ಕೆ ಯುರೋಪಿನ ಪಾರ್ಸೆಲ್ ಕಾಯುವ ಒಬ್ಬಂಟಿಯ ಪಾಡು ಊಹಿಸಿ.

ಗ್ರಿಪ್

ಮರದ ಗ್ರಿಪ್ ಎಸ್, ಎಂ, ಎಲ್ ಅಳತೆಗಳಲ್ಲಿ ಬರುತ್ತದೆ. ಕಂಪನಿಗಳು ತಮ್ಮ ಕೋಷ್ಟಕಕ್ಕೆ ಅಂಗೈ ಅಗಲವನ್ನೋ ಕೈಯ ಉದ್ದವನ್ನೋ ಕೇಳುತ್ತವೆ. ಕಾಗದದ ಮೇಲೆ ಕೈ ಇಟ್ಟು ಗೆರೆ ಎಳೆದು, ಅಂಗಡಿಯವರಿಗೆ ಎಂಎಂನಲ್ಲಿ ಅಳತೆ ಕೊಡಿ. ಎರಡು ಅಳತೆಗಳ ನಡುವೆ ಬಿದ್ದರೆ ದೊಡ್ಡದನ್ನೇ ತೆಗೆದುಕೊಂಡು ಒಳಗೆ ತುಂಬಿಸುವುದು ಸುಲಭ.

ಹೊಂದಿಕೆ ಪರೀಕ್ಷೆ ಹೀಗೆ. ಪಿಸ್ತೂಲ್ ಖಾಲಿ ಇದೆಯೆಂದು ಖಚಿತಪಡಿಸಿ, ರೇಂಜಿನ ಫೈರಿಂಗ್ ಪಾಯಿಂಟ್‌ನಲ್ಲಿ ಗುರಿಯ ಕಡೆಗೇ ನಿಲ್ಲಿ. ಎಡಗೈಯಿಂದ ಪಿಸ್ತೂಲನ್ನು ಬಲಗೈಗೆ ಕೂಡಿಸಿ, ಹೆಬ್ಬೆರಳು ತೋರುಬೆರಳ ನಡುವಿನ ಕವೆ ಗ್ರಿಪ್ಪಿನ ಮೇಲಂಚಿಗೆ ಒತ್ತಿರಲಿ. ಕಣ್ಣು ಮುಚ್ಚಿ ತೋಳೆತ್ತಿ, ಎರಡು ಉಸಿರು ಬಿಟ್ಟು ಕಣ್ಣು ತೆರೆಯಿರಿ. ಮುಂದಿನ ಸೈಟ್ ಹಿಂದಿನದರ ಕಿಂಡಿಯ ನಡುವೆ ಇರಬೇಕು. ಹತ್ತು ಸಲ ಮಾಡಿ. ಪ್ರತಿಸಲವೂ ಒಂದೇ ಕಡೆಗೆ ವಾರೆಯಾದರೆ ತಪ್ಪು ಗ್ರಿಪ್ಪಿನದು. ಒಮ್ಮೆ ಎಡ ಒಮ್ಮೆ ಬಲ ಎಂದರೆ ನೀವು ಹಿಡಿಯುವ ರೀತಿ ಇನ್ನೂ ಕೂತಿಲ್ಲ, ಮರ ಕೆತ್ತಬೇಡಿ. ಮಣಿಕಟ್ಟು ತಿರುಚಿ ಸೈಟ್ ಸರಿಮಾಡಿಕೊಳ್ಳುವ ಅಭ್ಯಾಸ ಬಿದ್ದರಂತೂ ನಲವತ್ತನೇ ಹೊಡೆತದ ಹೊತ್ತಿಗೆ ಮಣಿಕಟ್ಟು ತನ್ನ ಜಾಗಕ್ಕೆ ವಾಪಸಾಗಿ, ಅಂಕಗಳು ಒಂದೇ ಮೂಲೆಗೆ ಜಾರುತ್ತವೆ.

ತಿದ್ದುವಾಗ ಮೊದಲು ಗ್ರಿಪ್ಪಿನ ಕೋನದ ಸ್ಕ್ರೂಗಳು, ಸಾಲದಿದ್ದರೆ ಮಾತ್ರ ಮರ. ಅಂಗೈಗೆ ಸೀಮೆಸುಣ್ಣದ ಪುಡಿ ಸವರಿ ಹಿಡಿದು ಬಿಟ್ಟರೆ ಒತ್ತುವ ಜಾಗದಲ್ಲಿ ಬಿಳಿ ಕಾಣುತ್ತದೆ. ಖಾಲಿ ಉಳಿದ ಕಡೆ ವುಡ್ ಫಿಲ್ಲರ್ ತೆಳುವಾಗಿ ಹಚ್ಚಿ. ತೀರಾ ಒತ್ತುವ ಕಡೆ 80ರ ಸ್ಯಾಂಡ್‌ಪೇಪರ್, ಮುಗಿಸಲು 220. ಒಂದು ಸಲಕ್ಕೆ ಅರ್ಧ ಎಂಎಂಗಿಂತ ಹೆಚ್ಚು ತೆಗೆಯಬೇಡಿ, ಎರಡು ವಾರ ಹೊಡೆದು ನೋಡಿ ಮುಂದಿನದು. ಗ್ರಿಪ್ಪಿನ ಕೆಳಗೆ ಅಂಗೈ ಕೂರುವ ಹಲಗೆಯನ್ನು ಕೈ ಹಿಸುಕುವಷ್ಟು ಮೇಲಕ್ಕೆ ಏರಿಸುವುದು ಹೊಸಬರಿಗೆಲ್ಲ ಇಷ್ಟ, ಭದ್ರ ಅನ್ನಿಸುತ್ತದೆ. ಆದರೆ ಬೆರಳು ಟ್ರಿಗರ್ ಎಳೆಯುವಾಗ ಇಡೀ ಅಂಗೈ ಜೊತೆಗೆ ಬಿಗಿಯುತ್ತದೆ. ತೆಳು ಕಾರ್ಡ್ ಒಂದು ನುಸುಳುವಷ್ಟು ಸಡಿಲ ಬಿಡಿ. ಗ್ರಿಪ್ಪಿನ ಯಾವ ಭಾಗವೂ ಮಣಿಕಟ್ಟಿಗೆ ಆಸರೆ ಕೊಡುವಂತಿಲ್ಲ, ಕೊಟ್ಟರೆ ಉಪಕರಣ ತಪಾಸಣೆಯಲ್ಲೇ ನಿಲ್ಲಿಸುತ್ತಾರೆ. ತೋರುಬೆರಳು ಮರಕ್ಕೆ ತಾಗದೆ, ಮೊದಲ ಗೆಣ್ಣಿನ ಮೆತ್ತೆ ಮಾತ್ರ ಟ್ರಿಗರಿಗೆ ನೇರವಾಗಿ ಕೂರಬೇಕು.

ಟ್ರಿಗರ್

ಕನಿಷ್ಠ 500 ಗ್ರಾಂ ಎಂದಮೇಲೆ 500ಕ್ಕೇ ಇಟ್ಟರೆ ಬಿಸಿಲು, ಧೂಳು, ಸ್ಕ್ರೂ ಸಡಿಲಿಕೆಗೆ ಅವಕಾಶವೇ ಉಳಿಯದು. 520ಕ್ಕೆ ಇಡಿ. ಎರಡು ಹಂತದ ಟ್ರಿಗರಿನಲ್ಲಿ ಮೊದಲ ಹಂತಕ್ಕೆ 380 ಗ್ರಾಂ, ಎರಡನೆಯದಕ್ಕೆ 140 ಗ್ರಾಂ ಹೊಸಬರಿಗೆ ಒಳ್ಳೆಯ ಹಂಚಿಕೆ. ಎರಡನೇ ಹಂತ ತೀರಾ ಹಗುರವಾದರೆ ಗುರಿ ನೆಲೆಗೊಳ್ಳುವ ಮುನ್ನವೇ ಹೊಡೆತ ಜಾರುತ್ತದೆ. ಮನೆಯಲ್ಲಿ ಪರೀಕ್ಷಿಸಲು ದಿನಸಿ ಅಂಗಡಿಯ ತಕ್ಕಡಿಗೆ ಬಳಸುವ 500 ಗ್ರಾಂ ಬೊಟ್ಟಿಗೆ ದಪ್ಪ ತಂತಿಯ ಕೊಕ್ಕೆ ಕಟ್ಟಿ. ಕೊಕ್ಕೆಯ ತೂಕ ಸೇರಿ ಎಷ್ಟಾಯಿತೆಂದು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ನೋಡಿ ಬರೆದಿಡಿ. ನಳಿಕೆಯಲ್ಲಿ ಪೆಲೆಟ್ ಇಲ್ಲದೆ, ಮೂತಿ ನೇರ ಮೇಲಕ್ಕೆ, ಟ್ರಿಗರಿನ ನಡುವಿಗೆ ಕೊಕ್ಕೆ ಹಾಕಿ ನಿಧಾನವಾಗಿ ಎತ್ತಿ. ಬೊಟ್ಟು ನೆಲ ಬಿಟ್ಟರೂ ಪಿಸ್ತೂಲ್ ಹಾರಬಾರದು. ಸ್ಪರ್ಧೆಯಲ್ಲಿ ಗಾಳಿ ತುಂಬಿದ ಸ್ಥಿತಿಯಲ್ಲೇ ಪರೀಕ್ಷಿಸುತ್ತಾರೆ, ಮೂರು ಅವಕಾಶ ಕೊಡುತ್ತಾರೆ.

ಸಿಲಿಂಡರ್ ಮತ್ತು ಗಾಳಿ

ಸಿಲಿಂಡರ್ ಮೇಲೆ ತಯಾರಾದ ತಿಂಗಳು, ವರ್ಷ ಕೊರೆದಿರುತ್ತದೆ. ಆಯಸ್ಸು ಸಾಮಾನ್ಯವಾಗಿ ಹತ್ತು ವರ್ಷ, ಆಮೇಲೆ ಸ್ಪರ್ಧೆಯಲ್ಲಿ ಬಿಡುವುದಿಲ್ಲ, ಬಿಡಲೂಬಾರದು. ಸೆಕೆಂಡ್ ಹ್ಯಾಂಡ್ ಪಿಸ್ತೂಲ್ ಅಗ್ಗಕ್ಕೆ ಸಿಕ್ಕಿದರೆ ಮೊದಲು ನೋಡಬೇಕಾದದ್ದು ಈ ದಿನಾಂಕವನ್ನೇ. ಪಿಸ್ತೂಲಿನ ಜೊತೆ ಕೊಡುವ ಎರಡು ಸಿಲಿಂಡರಿಗೂ ಅವಧಿ ಮುಗಿದಿದ್ದರೆ ಹೊಸದರ ಬೆಲೆ ಸೇರಿಸಿ ಲೆಕ್ಕ ಹಾಕಿ, ಅಗ್ಗ ಎಂಬುದು ಅಲ್ಲಿಗೆ ಮುಗಿಯಿತು. ಆಮೇಲೆ 200 ಬಾರ್ ತುಂಬಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒತ್ತಡಮಾಪಕದ ಮುಳ್ಳು ಗಮನಾರ್ಹವಾಗಿ ಇಳಿದಿದ್ದರೆ ಸೀಲ್ ಹೋಗಿದೆ. ಟ್ರಿಗರ್ ಸ್ಕ್ರೂಗಳ ತಲೆ ಸವೆದಿದ್ದರೆ ಹಿಂದಿನವರು ದಿನಕ್ಕೊಂದು ಸಲ ತಿರುಗಿಸಿದ್ದಾರೆಂದು ತಿಳಿಯಿರಿ. ಬಿಲ್ಲಿನ ಸಂಖ್ಯೆ ಮತ್ತು ಪಿಸ್ತೂಲಿನ ಸಂಖ್ಯೆ ತಾಳೆಯಾಗದಿದ್ದರೆ ಮುಟ್ಟಲೇಬೇಡಿ.

ತುಂಬಿಸುವ ದಾರಿ ಎರಡು: ಸ್ಕೂಬಾ ಬಗೆಯ ದೊಡ್ಡ ಸಿಲಿಂಡರ್ ಅಥವಾ ಕೈಪಂಪ್. ಕ್ಲಬ್ಬಿನ ಕಂಪ್ರೆಸರ್ ಇದ್ದರೆ ಮೊದಲನೆಯದು ಸಲೀಸು. ದೊಡ್ಡ ಸಿಲಿಂಡರಿನ ಮೇಲೆ ಹೈಡ್ರೋ ಟೆಸ್ಟ್ (ನೀರಿನ ಒತ್ತಡದಲ್ಲಿ ಮಾಡುವ ಗಟ್ಟಿತನದ ಪರೀಕ್ಷೆ) ದಿನಾಂಕ ನೋಡಿಯೇ ತುಂಬಿಸಿ. ಕೈಪಂಪ್ ನಡೆಯುತ್ತದೆ, ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ಬೆಂಗಳೂರಿನ ತೇವದ ಗಾಳಿ ಒತ್ತಡದಲ್ಲಿ ನೀರಾಗಿ ಸಿಲಿಂಡರಿನೊಳಗೆ ಕೂರುತ್ತದೆ. ತೇವ ಹೀರುವ ಫಿಲ್ಟರ್ ಇಲ್ಲದ ಪಂಪ್ ಕೊಳ್ಳಬೇಡಿ. ಯಾವುದರಿಂದಲಾದರೂ ನಿಧಾನವಾಗಿ ತುಂಬಿ. ರಭಸದಲ್ಲಿ ತುಂಬಿದರೆ ಗಾಳಿ ಕಾದು ಮುಳ್ಳು 200 ತೋರಿಸುತ್ತದೆ, ತಣ್ಣಗಾದ ಮೇಲೆ 180ಕ್ಕೆ ಇಳಿದಿರುತ್ತದೆ. ಒಮ್ಮೆ ತುಂಬಿದರೆ ನೂರೈವತ್ತು ಹೊಡೆತಕ್ಕೆ ಸಾಮಾನ್ಯವಾಗಿ ಮೋಸವಿಲ್ಲ. 100 ಬಾರ್ ಹತ್ತಿರ ಬಂದಾಗ ಮತ್ತೆ ತುಂಬಿಸಿ.

ಒಂದು ಎಚ್ಚರಿಕೆಗೆ ವಿನಾಯಿತಿ ಇಲ್ಲ: ವೆಲ್ಡಿಂಗ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆಂದು ಆಮ್ಲಜನಕ ತುಂಬಿಸಬೇಡಿ. ಒತ್ತಡದಲ್ಲಿರುವ ಆಮ್ಲಜನಕಕ್ಕೆ ಎಳ್ಳಷ್ಟು ಎಣ್ಣೆ ತಾಗಿದರೂ ಸ್ಫೋಟವಾಗಬಹುದು. ಗಾಳಿಯ ಸಿಲಿಂಡರಿನ ಸೀಲ್‌ಗೂ ಮೆಷಿನ್ ಎಣ್ಣೆ ಹಾಕಬೇಡಿ, ಕಂಪನಿ ಹೇಳಿದ ಸಿಲಿಕೋನ್ ಗ್ರೀಸ್ ಚೂರು ಸಾಕು. ತುಂಬಿದ ಸಿಲಿಂಡರನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ.

ಮನೆಯ ಅಭ್ಯಾಸ, ಸಾಗಣೆ

ಫ್ಲ್ಯಾಟಿನ ಟೆರೇಸಿನಲ್ಲಿ ಪೆಲೆಟ್ ಹಾರಿಸುವ ಯೋಚನೆ ಬಿಡಿ, ಪಕ್ಕದ ಕಟ್ಟಡದ ಕಿಟಕಿ ಅಲ್ಲೇ ಇರುತ್ತದೆ. ಮನೆಯಲ್ಲಿ ಡ್ರೈ ಫೈರ್ (ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯುವ ಅಭ್ಯಾಸ) ಮಾತ್ರ, ಅದೂ ಗಟ್ಟಿ ಗೋಡೆಯ ಕಡೆಗೆ, ಪೆಲೆಟ್ ಡಬ್ಬಿ ಬೇರೆ ಕೋಣೆಯಲ್ಲಿ. ಮೊದಲ ತಿಂಗಳು ಖಾಲಿ ಬಿಳಿ ಗೋಡೆಯೇ ಒಳ್ಳೆಯದು, ಕಣ್ಣು ಸೈಟ್ ಬಿಟ್ಟು ಓಡಲು ಜಾಗವಿಲ್ಲ. ಆಮೇಲೆ 3 ಮೀಟರಿಗೆ 18 ಎಂಎಂ, 5 ಮೀಟರಿಗೆ 30 ಎಂಎಂ ಕಪ್ಪು ವೃತ್ತ ಅಂಟಿಸಿದರೆ 10 ಮೀಟರಿನ ಕಪ್ಪಿನಷ್ಟೇ ಕಾಣುತ್ತದೆ. ರೇಂಜಿನ ಗುರಿಯ ನಡುಭಾಗ ನೆಲದಿಂದ 140 ಸೆಂ.ಮೀ. ಎತ್ತರದಲ್ಲಿರುತ್ತದೆ, ವೃತ್ತವನ್ನು ನಿಮ್ಮ ತೋಳು ಆ ಗುರಿಗೆ ಚಾಚುವ ಕೋನಕ್ಕೆ ಹೊಂದಿಸಿ. ಮ್ಯಾಚ್ ಪಿಸ್ತೂಲುಗಳಲ್ಲಿ ಡ್ರೈ ಫೈರ್‌ಗೆ ಪ್ರತ್ಯೇಕ ಗುಂಡಿಯೋ ಸನ್ನೆಯೋ ಇರುತ್ತದೆ, ಕೈಪಿಡಿ ನೋಡಿ. ಸ್ಪ್ರಿಂಗ್ ಪಿಸ್ತೂಲನ್ನು ಖಾಲಿ ಹಾರಿಸಿದರೆ ಪಿಸ್ಟನ್ ಸೀಲ್ ಒಡೆಯುತ್ತದೆ.

ಚೀಲದಲ್ಲಿ ಇರಬೇಕಾದವು: ನಳಿಕೆಯ ಉದ್ದಕ್ಕೂ ಹಾದುಹೋಗುವ ಕಿತ್ತಳೆ ಬಣ್ಣದ ಸೇಫ್ಟಿ ಫ್ಲ್ಯಾಗ್ (ಇದು ಕಡ್ಡಾಯ, ಎರಡು ಇಟ್ಟುಕೊಳ್ಳಿ), ಪಿಸ್ತೂಲಿನ ಅಲೆನ್ ಕೀಗಳು, ಹೆಚ್ಚುವರಿ ಓ ರಿಂಗ್, ನಳಿಕೆ ಒರೆಸುವ ಫೆಲ್ಟ್ ತುಂಡುಗಳು, ಸಣ್ಣ ಟವಲ್, ನೀರು. ಮಳೆಗಾಲದಲ್ಲಿ ಪೆಟ್ಟಿಗೆಗೆ ಸಿಲಿಕಾ ಜೆಲ್ ಪೊಟ್ಟಣ ಸೇರಿಸಿ, ಬೆವರು ತಾಗಿದ ಲೋಹವನ್ನು ಅದೇ ದಿನ ಒರೆಸಿಡಿ. ಪೆಟ್ಟಿಗೆ ಗಟ್ಟಿಯದಾಗಿರಲಿ, ಬೀಗವಿರಲಿ. ಮೆಟ್ರೋದ ಬ್ಯಾಗ್ ತಪಾಸಣೆಯಲ್ಲಿ ಪಿಸ್ತೂಲನ್ನು ಬಿಡುವುದಿಲ್ಲ, ರೇಂಜಿಗೆ ಸ್ವಂತ ಗಾಡಿಯನ್ನೋ ಆಟೋವನ್ನೋ ನೆಚ್ಚಿಕೊಳ್ಳಿ. ಬಿಲ್ಲಿನ ಪ್ರತಿಯ ಜೊತೆಗೆ ಕ್ಲಬ್ ಗುರುತಿನ ಚೀಟಿಯೂ ಇರಲಿ. ಹೊರರಾಜ್ಯದ ಸ್ಪರ್ಧೆಗೆ ವಿಮಾನದಲ್ಲಿ ಹೋಗುವುದಾದರೆ ಟಿಕೆಟ್ ಮಾಡಿದ ಕೂಡಲೇ ವಿಮಾನ ಕಂಪನಿಗೆ ತಿಳಿಸಿ. ಪಿಸ್ತೂಲ್ ಚೆಕ್ ಇನ್ ಲಗೇಜಿನಲ್ಲಿ ಹೋಗುತ್ತದೆ, ಸಿಲಿಂಡರ್ ಬಿಚ್ಚಿ ಪೂರ್ತಿ ಖಾಲಿ ಮಾಡಿರಬೇಕು. ತಲುಪುವ ಊರಿನ ರೇಂಜಿನಲ್ಲಿ ಗಾಳಿ ತುಂಬಿಸುವ ಅಡಾಪ್ಟರ್ ನಿಮ್ಮ ಸಿಲಿಂಡರಿಗೆ ಹೊಂದುತ್ತದೆಯೇ ಎಂದು ಹೊರಡುವ ಮೊದಲೇ ಕೇಳಿ, ಸ್ವಂತ ಅಡಾಪ್ಟರನ್ನೂ ಚೀಲಕ್ಕೆ ಹಾಕಿಕೊಳ್ಳಿ.